ಪ್ರಯಾಣದಲ್ಲಿ ಟ್ಯಾಬ್‌ಗೆ ರಾ ಫೋಟೊ ಇಳಿಸುವುದು: ಮೊದಲು ನಕಲು, ಆಮೇಲೆ ಬಣ್ಣ

ಪ್ರವಾಸಕ್ಕೆ ಹೊರಟಾಗ ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ ಒಂದನ್ನೇ ಒಯ್ಯುವ ಛಾಯಾಗ್ರಾಹಕರು ಈಗ ಹೆಚ್ಚುತ್ತಿದ್ದಾರೆ. ತೂಕ ಕಡಿಮೆ, ಪರದೆ ಚೆನ್ನ, ಪೆನ್ ಹಿಡಿದು ತಿದ್ದಲು ಸಲೀಸು. ಆದರೆ ರಾತ್ರಿ ಕೋಣೆಗೆ ಬಂದು ಅವರು ಮಾಡುವ ಕೆಲಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಾರ್ಡ್ ಹಾಕುತ್ತಾರೆ, ಪರದೆಯ ಮೇಲೆ ಚಿತ್ರಗಳು ಮೂಡಿದ್ದೇ ತಡ ಎಲ್ಲವೂ ಬಂತೆಂದು ಕಾರ್ಡ್ ಅಳಿಸುತ್ತಾರೆ, ಬಣ್ಣ ತಿದ್ದಲು ಕೂರುತ್ತಾರೆ. ಎಷ್ಟೋ ಫೈಲ್‌ಗಳು ಅರ್ಧಕ್ಕೇ ತುಂಡಾಗಿವೆ ಎಂಬುದು ವಾಪಸ್ ಬಂದ ಮೇಲೆ ತಿಳಿಯುತ್ತದೆ. ಬಣ್ಣ ಯಾವಾಗ ಬೇಕಾದರೂ ತಿದ್ದಬಹುದು, ಹೋದ ಚಿತ್ರ ಮರಳಿ ಬರುವುದಿಲ್ಲ. ಅದಕ್ಕೇ ಇಲ್ಲಿ ಹೆಚ್ಚು ಜಾಗ ನಕಲು ಮಾಡುವುದಕ್ಕೆ.

ಹಂತ 1: ಹೊರಡುವ ಮುನ್ನ

ನಿಮ್ಮ ಕ್ಯಾಮೆರಾದಲ್ಲಿ ನಾಲ್ಕು ರಾ ಚಿತ್ರ ತೆಗೆದು, ನೀವು ಬಳಸುವ ಆ್ಯಪ್‌ನಲ್ಲಿ ತೆರೆದು ನೋಡಿ. ರಾ ಎಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಕ್ಯಾಮೆರಾ ಜೆಪೆಗ್ ಆಗಿ ಬದಲಿಸದೆ ಹಾಗೆಯೇ ಇಟ್ಟ ಫೈಲ್. ಅದು ಒಂದೇ ಬಗೆಯದಲ್ಲ. ಕ್ಯಾನನ್‌ನದು ಸಿಆರ್3, ನಿಕಾನ್‌ನದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯು, ಫ್ಯೂಜಿಯದು ಆರ್‌ಎಎಫ್. ಹೊಸ ಮಾದರಿಯ ಕ್ಯಾಮೆರಾ ಆಗಿದ್ದರೆ ಹಳೆಯ ಆ್ಯಪ್ ಅದರ ಫೈಲನ್ನು ತೆರೆಯದೇ ಹೋಗಬಹುದು. ಅಪ್‌ಡೇಟ್ ಇಳಿಸಿಕೊಳ್ಳುವ ಕೆಲಸವನ್ನು ಒಳ್ಳೆಯ ಇಂಟರ್ನೆಟ್ ಇರುವಾಗಲೇ ಮುಗಿಸಿ.

ಜಾಗದ ಲೆಕ್ಕವನ್ನೂ ಹಾಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಕಂಪ್ರೆಶನ್ ನೋಡಿಕೊಂಡು, ಸುಮಾರು 25ರಿಂದ 50 ಎಂಬಿ ತೂಗುತ್ತದೆ. ದಿನಕ್ಕೆ 500 ಚಿತ್ರ ತೆಗೆದರೆ 12ರಿಂದ 25 ಜಿಬಿ. 64 ಜಿಬಿಯ ಟ್ಯಾಬ್ ಎರಡು ಮೂರು ದಿನಕ್ಕೇ ತುಂಬುತ್ತದೆ. ಹಾಗಾಗಿ ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊರಗಿನ ಡಿಸ್ಕ್) ಒಂದು ಚೀಲದಲ್ಲಿರಲಿ. ಅದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಟ್ಟರೆ ಐಪ್ಯಾಡ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನಿಮ್ಮದು ಆಂಡ್ರಾಯ್ಡ್ ಟ್ಯಾಬ್ ಆದರೆ ಮೊದಲೇ ಚುಚ್ಚಿ ಪರೀಕ್ಷಿಸಿ, ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಬೇಡವೇ ಬೇಡ. ಅದಕ್ಕೆ ಟ್ಯಾಬ್ ಕೊಡುವ ವಿದ್ಯುತ್ ಹಲವು ಸಲ ಸಾಲದು, ಪ್ರಯಾಣದ ಕುಲುಕಾಟವನ್ನೂ ಅದು ತಾಳುವುದಿಲ್ಲ.

ಹಂತ 2: ವೈ-ಫೈ ಬಿಡಿ, ರೀಡರ್ ಹಿಡಿಯಿರಿ

ಕ್ಯಾಮೆರಾ ಕಂಪನಿಗಳ ಆ್ಯಪ್‌ಗಳು ತಂತಿಯಿಲ್ಲದೆ ಚಿತ್ರ ಕಳಿಸುತ್ತವೆ, ನಿಜ. ಆದರೆ ಬಹಳಷ್ಟು ಸಲ ಬರುವುದು ರಾ ಅಲ್ಲ, ಕುಗ್ಗಿಸಿದ ಜೆಪೆಗ್. ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ತಾನಾಗಿಯೇ ಕಳಿಸುವುದು 2 ಮೆಗಾಪಿಕ್ಸೆಲ್‌ನ ಪ್ರತಿ. ಒಂದು ಚಿತ್ರ ತಕ್ಷಣ ಯಾರಿಗಾದರೂ ಕಳಿಸಬೇಕೆಂದರೆ ಅದು ಸಾಕು, ಇಡೀ ದಿನದ ರಾ ಫೈಲ್‌ಗಳಿಗೆ ಆ ದಾರಿ ಬೇಡ.

ರೀಡರ್ ಎಂದರೆ ಕ್ಯಾಮೆರಾದ ಕಾರ್ಡನ್ನು ಟ್ಯಾಬ್‌ಗೆ ಜೋಡಿಸುವ ಪುಟ್ಟ ಸಾಧನ. ಅದನ್ನು ಕೊಳ್ಳುವಾಗ ಕಾರ್ಡ್‌ಗೆ ಮಾತ್ರ ಇರುವ ಸರಳ ಯುಎಸ್‌ಬಿ-ಸಿ ರೀಡರನ್ನೇ ಆರಿಸಿ. ಎಚ್‌ಡಿಎಂಐ, ನೆಟ್‌ವರ್ಕ್, ಚಾರ್ಜಿಂಗ್ ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದ ಅಗ್ಗದ ಹಬ್‌ಗಳಲ್ಲಿ ಕಾರ್ಡ್‌ನ ಕಿಂಡಿ ಸಡಿಲವಾಗಿರುತ್ತದೆ. ಹತ್ತು ನಿಮಿಷ ಓಡಿದರೆ ಕೈ ಸುಡುವಷ್ಟು ಬಿಸಿಯಾಗಿ, ನಕಲು ನಡೆಯುತ್ತಿರುವಾಗಲೇ ಸಂಪರ್ಕ ಕಡಿದುಕೊಳ್ಳುವವನ್ನು ಬೇಕಾದಷ್ಟು ನೋಡಿದ್ದೇನೆ.

ವೇಗ ನಿಂತಿರುವುದು ರೀಡರ್ ಒಂದರ ಮೇಲೆ ಅಲ್ಲ. 2022ರಲ್ಲಿ ಬಂದ 10ನೇ ತಲೆಮಾರಿನ ಐಪ್ಯಾಡ್‌ಗೆ ಯುಎಸ್‌ಬಿ-ಸಿ ಕಿಂಡಿ ಇದ್ದರೂ ಅದರ ವೇಗ ಯುಎಸ್‌ಬಿ 2ರದೇ, ಸೆಕೆಂಡಿಗೆ 480 ಮೆಗಾಬಿಟ್. ಅಲ್ಲಿ 20 ಜಿಬಿ ನಕಲಾಗಲು ಹತ್ತು ನಿಮಿಷವಾದರೂ ಬೇಕು. 5 ಗಿಗಾಬಿಟ್ ವೇಗದ ಟ್ಯಾಬ್‌ನಲ್ಲಿ ಒಳ್ಳೆಯ ಯುಎಚ್‌ಎಸ್-1 (ಎಸ್‌ಡಿ ಕಾರ್ಡ್‌ನ ವೇಗದ ಒಂದು ದರ್ಜೆ) ಕಾರ್ಡ್ ಹಾಕಿದರೆ ನಾಲ್ಕೈದು ನಿಮಿಷ. ಎಸ್‌ಎಸ್‌ಡಿಗೆ ಚಾರ್ಜರ್‌ನ ಜೊತೆ ಬಂದ ಕೇಬಲ್ ಬಳಸಬೇಡಿ. ಅವುಗಳಲ್ಲಿ ಹೆಚ್ಚಿನವು ಯುಎಸ್‌ಬಿ 2 ಕೇಬಲ್‌ಗಳೇ.

ಹಂತ 3: ನಕಲು

ಎಸ್‌ಡಿ ಕಾರ್ಡ್‌ನ ಪಕ್ಕದಲ್ಲಿ ಉಗುರಿನಿಂದ ಸರಿಸುವಂಥ ಪುಟ್ಟ ಕೀಲಿ ಇದೆಯಲ್ಲ, ಕ್ಯಾಮೆರಾದಿಂದ ಕಾರ್ಡ್ ತೆಗೆದ ಕೂಡಲೇ ಅದನ್ನು ‘ಲಾಕ್’ ಕಡೆಗೆ ಜಾರಿಸಿ. ಆಮೇಲೆ ಟ್ಯಾಬ್ ಕಾರ್ಡ್ ಮೇಲೆ ಏನನ್ನೂ ಬರೆಯುವುದಿಲ್ಲ, ಬೆರಳು ತಪ್ಪಿ ‘ಅಳಿಸು’ ಒತ್ತಿದರೂ ಚಿತ್ರ ಉಳಿಯುತ್ತದೆ. ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್‌ಗೆ ಈ ಕೀಲಿ ಇಲ್ಲ, ಅಲ್ಲಿ ಕೈ ಇನ್ನೂ ಹುಷಾರಾಗಿರಲಿ.

ಕಾರ್ಡ್ ಚುಚ್ಚಿದಾಗ ಐಪ್ಯಾಡ್‌ನ ಫೋಟೊಸ್ ಆ್ಯಪ್ ‘ಇಂಪೋರ್ಟ್’ ಮಾಡಲೇ ಎನ್ನುತ್ತದೆ. ಬಹಳ ಮಂದಿ ಅದನ್ನೇ ಒತ್ತುತ್ತಾರೆ, ಕೊನೆಗೆ ‘ಕಾರ್ಡ್‌ನಲ್ಲಿರುವುದನ್ನು ಅಳಿಸಲೇ’ ಎಂದಾಗ ಅದಕ್ಕೂ ಹೂಂ ಅನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಯಾವಾಗಲೂ ‘ಇರಲಿ’. ನನ್ನನ್ನು ಕೇಳಿದರೆ ಆ ದಾರಿಯೇ ಬೇಡ. ಐಕ್ಲೌಡ್‌ನಲ್ಲಿ ಜಾಗ ಉಳಿಸುವ ಆಯ್ಕೆ ಚಾಲೂ ಇದ್ದರೆ ಮೂಲ ಫೈಲ್ ಮೇಲೇರಿ, ಟ್ಯಾಬ್‌ನಲ್ಲಿ ಚಿಕ್ಕ ಪ್ರತಿಯಷ್ಟೇ ಉಳಿಯಬಹುದು. ಇಂಟರ್ನೆಟ್ ಇಲ್ಲದ ಕಡೆ ಆ ಮೂಲ ಕೈಗೆ ಸಿಗುವುದಿಲ್ಲ. ಫೈಲ್ಸ್ ಆ್ಯಪ್ ತೆರೆಯಿರಿ. 2019ರ ಐಪ್ಯಾಡ್ ಓಎಸ್ 13ರಿಂದ ಅದು ಕಾರ್ಡನ್ನೂ ಹೊರಗಿನ ಡಿಸ್ಕನ್ನೂ ನೇರವಾಗಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಫೈಲ್ ಮ್ಯಾನೇಜರ್ ಇದ್ದೇ ಇದೆ.

ಆ ದಿನದ ತಾರೀಕು, ಕಾರ್ಡ್‌ನ ಗುರುತು ಹಾಕಿ ಹೊಸ ಫೋಲ್ಡರ್ ಮಾಡಿ, ಕಾರ್ಡ್‌ನಲ್ಲಿ ಕ್ಯಾಮೆರಾ ಚಿತ್ರಗಳನ್ನು ಇಡುವ ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಅದರೊಳಗೆ ನಕಲಿಸಿ. ದಿನಕ್ಕೊಂದು ಫೋಲ್ಡರ್ ಯಾಕೆಂದರೆ ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಎರಡು ಕ್ಯಾಮೆರಾ ಇದ್ದರಂತೂ ಒಂದೇ ಹೆಸರಿನ ಎರಡು ಚಿತ್ರ ಸಿಗುವುದು ಮಾಮೂಲು. ಒಂದೇ ಫೋಲ್ಡರ್‌ಗೆ ಸುರಿದು, ‘ರಿಪ್ಲೇಸ್’ ಎಂದು ಕೇಳಿದಾಗ ಒತ್ತಿಬಿಟ್ಟರೆ ಹಳೆಯದು ಹೋದಂತೆಯೇ.

ನಕಲು ನಡೆಯುವಾಗ ಪರದೆ ತಾನಾಗಿ ಆರದಂತೆ ಸೆಟ್ಟಿಂಗ್ ಬದಲಿಸಿ, ಟ್ಯಾಬನ್ನು ಗಟ್ಟಿ ಜಾಗದ ಮೇಲಿಡಿ. ತೊಡೆಯ ಮೇಲೆ, ಹಾಸಿಗೆಯ ಮೇಲೆ ಬೇಡ, ಸ್ವಲ್ಪ ಮಿಸುಕಿದರೂ ರೀಡರ್ ಕಿಂಡಿಯಲ್ಲಿ ವಾಲುತ್ತದೆ. ಬೇರೆ ಆ್ಯಪ್‌ಗೆ ಹೋಗಿ ಕಾಲಕ್ಷೇಪವೂ ಬೇಡ.

ಮುಗಿದ ಮೇಲೆ ಎಲ್ಲರೂ ಎಡವುವ ಜಾಗ ಬರುತ್ತದೆ. ಫೋಲ್ಡರ್ ತೆರೆದಾಗ ಚಿಕ್ಕ ಚಿಕ್ಕ ಚಿತ್ರಗಳು ಸಾಲಾಗಿ ಕಾಣುತ್ತವೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ನಿಮಗೆ ಕಾಣುತ್ತಿರುವುದು ರಾ ಅಲ್ಲ. ಪ್ರತಿ ರಾ ಫೈಲ್‌ನ ಒಳಗೂ ಕ್ಯಾಮೆರಾ ಒಂದು ಜೆಪೆಗ್ ಅಡಗಿಸಿಟ್ಟಿರುತ್ತದೆ, ಹಲವು ಕ್ಯಾಮೆರಾಗಳಲ್ಲಿ ಫೈಲ್‌ನ ಮುಂಭಾಗದಲ್ಲೇ. ನಕಲು ಅರ್ಧಕ್ಕೆ ನಿಂತರೂ ಆ ಜೆಪೆಗ್ ಬಂದಿರುತ್ತದೆ, ಹಿಂದಿನ ನಿಜವಾದ ಮಾಹಿತಿ ಬಂದಿರುವುದಿಲ್ಲ. ಅಂಥ ಫೈಲನ್ನು ತಿದ್ದುವ ಆ್ಯಪ್‌ನಲ್ಲಿ ತೆರೆದರೆ ಮೊದಲ ಕ್ಷಣ ಚಿತ್ರ ಪೂರ್ತಿ ಕಂಡು, ಮರುಕ್ಷಣವೇ ಕೆಳಗಿನ ಭಾಗ ಬೂದು ಬಣ್ಣಕ್ಕೋ ನೇರಳೆ ಪಟ್ಟೆಗೋ ತಿರುಗುತ್ತದೆ. ಕೆಲವು ಆ್ಯಪ್‌ಗಳು ತೆರೆಯುವುದೇ ಇಲ್ಲ.

ಆದ್ದರಿಂದ ಮೂರು ಪರೀಕ್ಷೆ ಮಾಡಿ. ಎರಡೂ ಕಡೆ ಫೈಲ್‌ಗಳ ಸಂಖ್ಯೆ ಒಂದೇ ಇದೆಯೇ? ಫೋಲ್ಡರ್‌ನ ಒಟ್ಟು ಗಾತ್ರ ಒಂದೇ ಇದೆಯೇ? ಸಂಖ್ಯೆ ಸರಿಯಿದ್ದು ಗಾತ್ರ ಕಡಿಮೆ ಬಂದರೆ ಯಾವುದೋ ಫೈಲ್ ತುಂಡಾಗಿದೆ ಎಂದೇ ಅರ್ಥ. ಮೂರನೆಯದಾಗಿ, ಮೊದಲ ಚಿತ್ರ, ನಡುವಿನ ಕೆಲವು, ತಪ್ಪದೆ ಕೊನೆಯ ಚಿತ್ರ, ಇವನ್ನು ತಿದ್ದುವ ಆ್ಯಪ್‌ನಲ್ಲಿ ತೆರೆದು ನೂರು ಪ್ರತಿಶತಕ್ಕೆ ಹಿಗ್ಗಿಸಿ ಕೆಳಗಿನ ಅಂಚಿನ ತನಕ ನೋಡಿ. ಸಂಪರ್ಕ ಕಡಿದಿದ್ದರೆ ಪೆಟ್ಟು ಬಿದ್ದಿರುವುದು ಸಾಮಾನ್ಯವಾಗಿ ಕೊನೆಯ ಫೈಲ್‌ಗೆ.

ಎಸ್‌ಎಸ್‌ಡಿಗೆ ಎರಡನೇ ಪ್ರತಿ ಮಾಡುವಾಗಲೂ ಕಾರ್ಡ್‌ನಿಂದಲೇ ನಕಲಿಸಿ. ಟ್ಯಾಬ್‌ನಿಂದ ತೆಗೆದರೆ ಟ್ಯಾಬ್‌ಗೆ ಬಂದ ದೋಷ ಎಸ್‌ಎಸ್‌ಡಿಗೂ ಹೋಗುತ್ತದೆ. ಟ್ಯಾಬ್‌ಗೆ ಒಂದೇ ಕಿಂಡಿ ಇದ್ದರೆ ಇದಕ್ಕೆ ಹಬ್ ಬೇಕೇ ಬೇಕು. ಚಾರ್ಜರ್ ಹಾಕಲು ಜಾಗವಿರುವ, ಹೆಸರಾಂತ ತಯಾರಕರ ಹಬ್ ತೆಗೆದುಕೊಂಡು ಅದರ ಯುಎಸ್‌ಬಿ ಕಿಂಡಿಗೆ ನಿಮ್ಮ ರೀಡರ್ ಚುಚ್ಚಿ. ಕಾರ್ಡನ್ನು ಪ್ರವಾಸ ಮುಗಿಯುವ ತನಕ ಅಳಿಸಬೇಡಿ. ತುಂಬಿದರೆ ಇನ್ನೊಂದು ಕಾರ್ಡ್ ಹಾಕಿ. ದೊಡ್ಡ ಕಾರ್ಡ್ ಒಂದಕ್ಕಿಂತ ಮಧ್ಯಮ ಗಾತ್ರದವು ಮೂರು ನಾಲ್ಕು ಇರುವುದೇ ಮೇಲು. ಕಾರ್ಡ್‌ಗಳು ಒಂದು ಚೀಲದಲ್ಲಿ, ಎಸ್‌ಎಸ್‌ಡಿ ಇನ್ನೊಂದರಲ್ಲಿ.

ಹಂತ 4: ಆರಿಸುವುದು

ಒಂದೇ ಸುತ್ತು, ಒಳ್ಳೆಯದಕ್ಕೆ ನಕ್ಷತ್ರ ಹಾಕಿ ಮುಂದೆ ಹೋಗಿ, ಏನನ್ನೂ ಅಳಿಸಬೇಡಿ.

ಹಂತ 5: ತಿದ್ದುವುದು

ಮೊದಲು ಪರದೆಯನ್ನು ಸರಿಮಾಡಿ. ಐಪ್ಯಾಡ್‌ನಲ್ಲಿ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿ, ಆಂಡ್ರಾಯ್ಡ್‌ನಲ್ಲಿ ಕಣ್ಣಿಗೆ ಹಿತವೆಂದು ಹಳದಿ ಬಣ್ಣ ತರುವ ಆಯ್ಕೆಯನ್ನು ತೆಗೆಯಿರಿ. ಅವು ಚಾಲೂ ಇದ್ದಾಗ ತಿದ್ದಿದ ಮುಖಗಳು ಬೇರೆ ಪರದೆಯಲ್ಲಿ ನೀಲಿಗಟ್ಟಿ ಕಾಣುತ್ತವೆ. ಬೆಳಕೂ ತಾನಾಗಿ ಏರಿಳಿಯದೆ ಅರ್ಧದ ಆಸುಪಾಸು ನಿಂತಿರಲಿ. ಕತ್ತಲ ಕೋಣೆಯಲ್ಲಿ ಪರದೆಯನ್ನು ಪೂರ್ತಿ ಬೆಳಗಿಸಿ ತಿದ್ದಿದ ಚಿತ್ರ ಅಚ್ಚಾದಾಗ ಮಂಕಾಗುತ್ತದೆ. ಕಣ್ಣಿಗಿಂತ ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನಂಬಿ.

ನಾನು ಹೇಳುವ ಕ್ರಮ ಇದು: ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ), ಎಕ್ಸ್‌ಪೋಶರ್ (ಒಟ್ಟು ಬೆಳಕು), ಹೈಲೈಟ್ (ಬೆಳಕಾದ ಭಾಗ), ಶ್ಯಾಡೊ (ನೆರಳಿನ ಭಾಗ), ಕೊನೆಗೆ ಕ್ರಾಪ್ (ಅಂಚು ಕತ್ತರಿಸುವುದು). ಬಣ್ಣ ಸರಿಯಾಗದೆ ಬೆಳಕು ಮುಟ್ಟಬೇಡಿ. 14 ಬಿಟ್ ರಾ ಫೈಲ್ ಪ್ರತಿ ಬಣ್ಣಕ್ಕೂ 16,384 ಮೆಟ್ಟಿಲುಗಳನ್ನು ಹಿಡಿದಿಡುತ್ತದೆ, ಜೆಪೆಗ್‌ನಲ್ಲಿ ಇರುವುದು 256. ಬೆಳ್ಳಗಾದ ಆಕಾಶದಲ್ಲಿ ಮೋಡ ಮತ್ತೆ ಮೂಡುವುದು ಆ ಬಲದಿಂದ. ಸೆನ್ಸರ್‌ನ ಮಿತಿ ದಾಟಿ ಪೂರ್ತಿ ಬಿಳಿಯಾದ ಜಾಗದಲ್ಲಿ ಮಾತ್ರ ಏನೂ ಸಿಗದು, ಎಳೆದಷ್ಟೂ ಬೂದಿ ಬಣ್ಣ ಬರುತ್ತದೆ. ಸಿದ್ಧ ಪ್ರಿಸೆಟ್‌ಗಳನ್ನು ಇಡೀ ದಿನದ ಚಿತ್ರಗಳ ಮೇಲೆ ಹಾಕುವ ಅಡ್ಡದಾರಿ ಬೇಡ, ಬೆಳಗಿನ ಬೆಳಕಿಗೂ ಸಂಜೆಯ ಬೆಳಕಿಗೂ ಒಂದೇ ಬಣ್ಣ ಬಳಿದಂತಾಗುತ್ತದೆ. ಬದಲಿಗೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಒಂದನ್ನು ತಿದ್ದಿ ಉಳಿದವಕ್ಕೆ ಆ ಸೆಟ್ಟಿಂಗ್ ನಕಲಿಸಿ. ಎಐ ಬಳಸಿ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ತೆಗೆಯುವುದು ಬ್ಯಾಟರಿ ಹೀರುವ ಕೆಲಸ, ಅದು ಕಂಪ್ಯೂಟರ್‌ಗಿರಲಿ.

ನೀವು ಮಾಡಿದ ತಿದ್ದುಪಡಿ ಮೂಲ ಚಿತ್ರದೊಳಗೆ ಇಳಿಯುವುದಿಲ್ಲ, ಪಕ್ಕದಲ್ಲಿ ಅಂಟಿಸಿದ ಚೀಟಿಯಂತೆ ಆ್ಯಪ್‌ನಲ್ಲಿ ಇರುತ್ತದೆ. ಚಿತ್ರ ತಿದ್ದುವ ಲೈಟ್‌ರೂಮ್ ಆ್ಯಪ್ ಬಳಸುವವರು ಇದನ್ನು ಮರೆಯಬಾರದು. ಅದು ಸೇರಿಸಿಕೊಂಡ ಚಿತ್ರಗಳನ್ನು ಕ್ಲೌಡ್‌ಗೆ ಏರಿಸುತ್ತದೆ. ಏರಿ ಮುಗಿಯುವ ಮುನ್ನ ಜಾಗ ಸಾಲದೆಂದು ಆ್ಯಪ್ ಅನ್ನೇ ತೆಗೆದುಹಾಕಿದರೆ, ಅಲ್ಲಿ ಮಾತ್ರ ಇದ್ದ ಚಿತ್ರವೂ ಚೀಟಿಯೂ ಒಟ್ಟಿಗೇ ಹೋಗುತ್ತವೆ. ಮೊಬೈಲ್ ಡೇಟಾ ಬಳಸುವ ಆಯ್ಕೆಯನ್ನು ಪ್ರಯಾಣದಲ್ಲಿ ಆಫ್ ಮಾಡಿಡಿ, ಇಲ್ಲದಿದ್ದರೆ 20 ಜಿಬಿ ನಿಮ್ಮ ಸಿಮ್‌ನಿಂದಲೇ ಏರುತ್ತದೆ.

ಹಂತ 6: ಹಂಚಿಕೊಳ್ಳುವುದು

ಜೆಪೆಗ್, ಬಣ್ಣದ ಮಾದರಿ ಎಸ್‌ಆರ್‌ಜಿಬಿ, ಉದ್ದದ ಬದಿ 2048 ಪಿಕ್ಸೆಲ್, ಗುಣಮಟ್ಟ 85ರ ಹತ್ತಿರ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವ ಅಭ್ಯಾಸ ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಅದು ಚಿತ್ರವನ್ನು ಮತ್ತೆ ಹಿಂಡುವುದಿಲ್ಲ.

ಮರಳಿ ಬಂದ ಮೇಲೆ ಕಂಪ್ಯೂಟರ್‌ಗೆ ಎಲ್ಲವನ್ನೂ ಇಳಿಸಿ, ಅದೇ ಮೂರು ಪರೀಕ್ಷೆ ಮುಗಿಸಿ, ಆಮೇಲೆ ಕೀಲಿ ತೆಗೆದು ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಟ್ಯಾಬ್‌ನಲ್ಲಿ ಬೇಡ.