ಹಿಂಗಾರಿ ಮಳಿ ಕೈಕೊಟ್ರ ಜೋಳದ ಹೊಲದಾಗ ಏನ್ ಮಾಡ್ಬೇಕು

ಹಸ್ತ ಹಂಗ ಹೋತು, ಚಿತ್ತಿನೂ ಹನಿ ಉದುರಿಸ್ಲಿಲ್ಲ, ಸ್ವಾತಿ ಮ್ಯಾಲ ಆಸೆ ಇಟ್ಕೊಂಡು ಕುಂತವ್ರು ಇದನ್ನ ಓದ್ರಿ. 2023ರಾಗ ರಾಜ್ಯದ 236 ತಾಲೂಕಿನಾಗ 223 ಬರದ ಪಟ್ಟಿ ಸೇರಿದ್ವು. ಅಂಥಾ ವರ್ಷ ನಮ್ಮ ವಿಜಯಪುರ ಕಡೆ ಎರಿ (ಕಪ್ಪು ಮಣ್ಣಿನ) ಹೊಲದ ಬಿರುಕಿನಾಗ ಕೈ ಇಟ್ರ ಮೊಣಕೈ ತನಕ ಇಳೀತದ, ಒಳಗ ಜೋಳದ ಬೇರು ಹರದು ದಾರದಂಗ ಜೋತಾಡ್ತಿರ್ತಾವ. ಮ್ಯಾಲಿನ ಮಳಿ ನಮ್ಮ ಕೈಯಾಗಿಲ್ಲ, ಭೂಮ್ಯಾಗ ಉಳದಿರೋ ಹಸಿನಾರ ಕಾಯಬೇಕಲ್ಲ.

ಅದಕ್ಕ ಮೊದಲ ಕೆಲಸ ಎಡಿ ಹೊಡಿಯೋದು, ಅಂದ್ರ ಸಾಲಿನ ನಡುವ ಕುಂಟಿ ಹಾಯಿಸೋದು. ಕಳೆನೇ ಇಲ್ಲ ಯಾಕ ಹೊಡೀಬೇಕು ಅಂತಾರ, ಇದು ಕಳೆಗಲ್ಲರಿ, ಬಿರುಕು ಮುಚ್ಚಾಕ, ಬಿರುಕು ಬಾಯಿ ತಕ್ಕೊಂಡು ಇದ್ವು ಅಂದ್ರ ತಳದ ಹಸಿ ಎಲ್ಲಾ ಅಲ್ಲಿಂದನ ಹಾರಿ ಹೋಗ್ತದ. ಸಣ್ಣ ಬಿರುಕು ಕಂಡ ಕೂಡ್ಲೆ ಎಡಿಕುಂಟಿ ಕಟ್ರಿ, ಆಳ ಬ್ಯಾಡ, ಮ್ಯಾಲ ಎರಡು ಇಂಚು ಮಣ್ಣು ಸಡ್ಲ ಆಗಿ ಹೊದಿಕಿ ಹಂಗ ಕುಂತ್ರ ಸಾಕು, ಮತ್ತ ಬಿರುಕು ಬಿಟ್ರ ಮತ್ತ ಹೊಡೀರಿ.

ಬೆಳಗಿನ ಹೊತ್ತಿನಾಗೂ ಎಲಿ ಸುರುಳಿ ಸುತ್ಕೊಂಡೇ ಇದ್ರ ಇದ್ದ ಹಸಿ ಅಷ್ಟೂ ಗಿಡಕ್ಕ ಸಾಲಂಗಿಲ್ಲ ಅಂತ ಲೆಕ್ಕ. ಪ್ರತಿ ಮೂರನೇ ಸಾಲು ಕಿತ್ತು ಹಾಕ್ರಿ. ಕೀಳಾಕ ಹೊಟ್ಟಿ ಉರೀತದ, ಗೊತ್ತು, ಆದ್ರ ಎರಡು ಸಾಲಾರ ತೆನಿ ಹಿಡೀತಾವ.

ಇಲ್ಲೇ ಒಂದು ಮಾತು ದಯವಿಟ್ಟು ಕೇಳ್ರಿ, ಕಿತ್ತ ಹಸಿ ಜೋಳ ಹಂಗ ದನದ ಮುಂದ ಒಗೀಬ್ಯಾಡ್ರಿ! ನೀರಿಲ್ದ ಬಾಡಿದ ಎಳಿ ಜೋಳದಾಗ ಸೈನೈಡ್ ವಿಷ ಹೆಚ್ಚಿರ್ತದ, ಕೊಯ್ದ ಬುಡದಿಂದ ಮತ್ತ ಒಡೆಯೋ ಕೂಳಿ ಚಿಗುರಿನಾಗಂತೂ ಇನ್ನೂ ಜಾಸ್ತಿ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ಬಾಯಾಗ ನೊರಿ, ನಡುಕ, ಆಮ್ಯಾಲ ದಬಕ್ಕನ ಬೀಳ್ತದ. ಹಂಗೇನಾರ ಕಂಡ್ರ ಮನಿಮದ್ದು ಮಾಡ್ಕೋತ ಕೂಡಬ್ಯಾಡ್ರಿ, ಇದಕ್ಕ ಇಂಜೆಕ್ಷನ್ ಐತಿ, ದನದ ಡಾಕ್ಟರ್‌ಗೆ ಇಲ್ಲಾ ಪಶು ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ. ಕಿತ್ತದ್ದನ್ನ ತೆಳ್ಳಗ ಹರವಿ ಬಿಸಲಾಗ ಪೂರ್ತಿ ಒಣಗಿಸಿದ ಮ್ಯಾಲ, ಅದೂ ಬ್ಯಾರೆ ಮೇವಿನ ಕೂಡ ಬೆರಸಿ ಸ್ವಲ್ಪ ಸ್ವಲ್ಪ ಹಾಕ್ರಿ.

ಮೇವು ಕಡಿಮಿ ಬಿದ್ದು ಭತ್ತದ ಹುಲ್ಲು ತರಿಸಿದ್ರ ಯೂರಿಯಾ ಕೊಟ್ಟು ಮಾಗಸ್ರಿ, 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರು, ಪದರ ಪದರ ಚಿಮುಕಿಸಿ ತುಳದು ತಾಡಪತ್ರಿ ಮುಚ್ಚಿ ಮೂರು ವಾರ ಬಿಡ್ರಿ. ಯೂರಿಯಾ ನೀರಿಗೆ ದನ ಬಾಯಿ ಹಾಕ್ದಂಗ ನೋಡ್ರಿ, ಆರು ತಿಂಗಳ ಒಳಗಿನ ಕರಕ್ಕ ಈ ಹುಲ್ಲು ಬ್ಯಾಡ. ದೊಡ್ಡ ದನಕ್ಕೂ ತಗದ ಕೂಡ್ಲೆ ಹಾಕಬ್ಯಾಡ್ರಿ, ಮೂಗಿಗೆ ಬಡಿಯೋ ಘಾಟು ಹೋಗೋ ತನಕ ಗಾಳಿಗೆ ಹರವಿಟ್ಟು ಆಮ್ಯಾಲ ಹಾಕ್ರಿ.