ಮೊದಲ ತಲೆಮಾರಿನ ಸ್ಪೀಡ್‌ವೇ ಸವಾರನ ಚರಿತ್ರೆ ಬರೆಯುವ ಬಗೆ

ಬ್ರೇಕ್ ಇಲ್ಲದ ಮೋಟರ್‌ಸೈಕಲ್ಲನ್ನು ತಿರುವಿನಲ್ಲಿ ಅಡ್ಡಡ್ಡ ಜಾರಿಸುತ್ತ ಓಡಿಸುವ ಸ್ಪೀಡ್‌ವೇಯ ಹಳೆಯ ಸವಾರರ ಬಗ್ಗೆ ಬರೆಯಹೊರಟವರು ಸಾಮಾನ್ಯವಾಗಿ ಮೊದಲು ಗೆಲುವುಗಳ ಪಟ್ಟಿಗೆ ಕೈಹಾಕುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ನಿಯಮ ತಿಳಿಯದೆ ಆ ಕಾಲದ ಅಂಕಗಳನ್ನು ಓದಿದರೆ ದಾರಿ ತಪ್ಪುತ್ತದೆ.

ಮೊದಲು ಸವಾರನ ವರ್ಷವನ್ನು ಎರಡಾಗಿ ಸೀಳಿಕೊಳ್ಳಿ. ಜಾನಿ ಹಾಸ್ಕಿನ್ಸ್ 1923ರ ಡಿಸೆಂಬರ್ 15ರಂದು ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್‌ನಲ್ಲಿ ಏರ್ಪಡಿಸಿದ ಪಂದ್ಯಗಳಿಂದ ಹೆಸರಾದ ಈ ಆಟ, 1928ರ ಫೆಬ್ರವರಿ 19ರ ಹೈ ಬೀಚ್ ಕೂಟದ ನಂತರ ಇಂಗ್ಲೆಂಡಿನಲ್ಲಿ ಹಬ್ಬಿದ್ದರಿಂದ, ಒಳ್ಳೆಯ ಆಸ್ಟ್ರೇಲಿಯನ್ ಸವಾರನೊಬ್ಬ ಅಲ್ಲಿನ ಬೇಸಿಗೆ ಮುಗಿಸಿ, ಹಡಗಿನಲ್ಲಿ ತವರಿಗೆ ಮರಳಿ, ಮತ್ತೊಂದು ಬೇಸಿಗೆ ಓಡಿಸುತ್ತಿದ್ದ. ಒಂದೇ ದೇಶದ ಪತ್ರಿಕೆಗಳನ್ನು ನೋಡಿದರೆ ಅರ್ಧ ಬದುಕು ಕೈತಪ್ಪುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಅಡ್ಡಹೆಸರನ್ನೂ ಹುಡುಕಬೇಕು: ಆಸ್ಟ್ರೇಲಿಯಾದ ಸವಾರ ಆರ್ಥರ್ ವಿಲ್ಕಿನ್ಸನ್ ಪತ್ರಿಕೆಗಳಿಗೆ ‘ಬ್ಲೂಯಿ’, ಕೆಂಗೂದಲಿನವರನ್ನು ಆಸ್ಟ್ರೇಲಿಯನ್ನರು ಹಾಗೆ ಕರೆಯುತ್ತಾರೆ.

ಅನಂತರ ಅವನು ಯಾವ ಬೈಕಿನ ಮೇಲಿದ್ದ ಎಂಬುದನ್ನು ತಾರೀಖು ಸಹಿತ ಗುರುತಿಸಿಕೊಳ್ಳಿ. ಡಗ್ಲಸ್ ಕಂಪನಿಯ ಬೈಕಿನಿಂದ ಜೆ.ಎ.ಪಿ. ಕಂಪನಿಯ ಎಂಜಿನ್ನಿಗೆ ಬದಲಾದ ಆ ಕೆಲವೇ ವರ್ಷಗಳಲ್ಲಿ ತಿರುವು ತೆಗೆದುಕೊಳ್ಳುವ ಶೈಲಿಯೇ ಬದಲಾಯಿತು. ಹೊಂದಿಕೊಳ್ಳಲಾಗದ ಸವಾರನ ಅಂಕ ಕುಸಿದರೆ ಅದನ್ನು ಧೈರ್ಯಗುಂದಿದ್ದೆಂದು ಬರೆಯುವುದು ಅನ್ಯಾಯ.

ಈಗ ಅಂಕಗಳಿಗೆ ಬನ್ನಿ. 1936ರ ಸೆಪ್ಟೆಂಬರ್ 10ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ವಿಲ್ಕಿನ್ಸನ್ ತನ್ನ ಐದೂ ಓಟಗಳನ್ನು ಗೆದ್ದು, ಓಟಕ್ಕೆ ಮೂರರಂತೆ 15 ಅಂಕ ಪಡೆದ. ಆದರೂ ಅವನಿಗೆ ಸಿಕ್ಕಿದ್ದು ಮೂರನೆಯ ಸ್ಥಾನ! ಹಿಂದಿನ ಸುತ್ತುಗಳಿಂದ ತಂದ ಬೋನಸ್ ಅಂಕಗಳನ್ನೂ ಕೂಡಿಸುವ ನಿಯಮವಿದ್ದುದರಿಂದ ಅವನ ಮೊತ್ತ 25 ಆಯಿತು. ಲಯನೆಲ್ ವ್ಯಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ತಲಾ 26ರಲ್ಲಿ ಸಮನಾಗಿ, ಮರು ಓಟದಲ್ಲಿ ವ್ಯಾನ್ ಪ್ರಾಗ್ ಗೆದ್ದ. ಆದ್ದರಿಂದ ಪ್ರತಿ ಫಲಿತಾಂಶದ ಪಕ್ಕದಲ್ಲಿ ಮೂರು ಕಾಲಂ ಇರಲಿ: ಅಂದು ಗಳಿಸಿದ್ದು, ಮೊದಲೇ ತಂದದ್ದು, ಒಟ್ಟು. ಆ ರಾತ್ರಿ ಯಾರಿಗೂ ಸೋಲದವನ ಮುಂದೆ ಬರಿಯ ‘ಮೂರನೆಯವನು’ ಎಂದು ಬರೆದು ಮುಗಿಸಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಗಾಯಗಳ ಪಟ್ಟಿಯನ್ನೂ ಬೇರೆಯಾಗಿ ಮಾಡಿ, ಫಲಿತಾಂಶದ ತಾರೀಖುಗಳೊಂದಿಗೆ ಹೊಂದಿಸಿ ನೋಡಿ. 1938ರಲ್ಲಿ ವಿಲ್ಕಿನ್ಸನ್ ವಿಶ್ವ ಚಾಂಪಿಯನ್ ಆದದ್ದು, ತುಸು ಮುಂಚೆಯಷ್ಟೇ ಮುರಿದಿದ್ದ ಕೊರಳೆಲುಬಿಗೆ ಪಟ್ಟಿ ಬಿಗಿದುಕೊಂಡು. 1940ರಲ್ಲಿ ಅವನು ಸತ್ತದ್ದು ಪಂದ್ಯದಲ್ಲಲ್ಲ, ಸಿಡ್ನಿಯ ರಸ್ತೆ ಅಪಘಾತದಲ್ಲಿ. ಇಂಥ ಸುದ್ದಿ ಕ್ರೀಡಾಪುಟದಲ್ಲಿ ಸಿಗದಿದ್ದರೆ ನಗರ ವಾರ್ತೆಯ ಪುಟವನ್ನು ತಿರುವಿ ನೋಡಿ.