ಅಪಘಾತ ಪರಿಹಾರದ ಅರ್ಜಿ ನಡೆಯುತ್ತಿರುವಾಗ ವೈದ್ಯರ ಸಲಹೆಯನ್ನು ಪಾಲಿಸುವುದು ಹೇಗೆ?

ರಸ್ತೆ ಅಪಘಾತದಲ್ಲಿ ಕಾಲು ಮುರಿದು, ಒಳಗೆ ರಾಡು ಹಾಕಿಸಿಕೊಂಡು ಮನೆಗೆ ಬಂದವರು ಮೊದಲು ವಿಚಾರಿಸುವುದು ಒಳ್ಳೆಯ ವಕೀಲರು ಯಾರೆಂದು. ವಕೀಲರು ಬೇಕು, ನಿಜ. ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳುವಿಗೆ ಸಿಗುವ ಮೊತ್ತವು ಬಹುಮಟ್ಟಿಗೆ ಚಿಕಿತ್ಸೆಯ ದಾಖಲೆಗಳನ್ನು ಅವಲಂಬಿಸಿರುತ್ತದೆ, ಮತ್ತು ಆ ದಾಖಲೆಗಳು ಹುಟ್ಟುವುದು ವೈದ್ಯರು ಹೇಳಿದಂತೆ ನಡೆದುಕೊಂಡಾಗ ಮಾತ್ರ.

ಪೆಟ್ಟು ಸಣ್ಣದೆನಿಸಿದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಇದು ರಸ್ತೆ ಅಪಘಾತವೆಂದು ಸ್ಪಷ್ಟವಾಗಿ ತಿಳಿಸಿ. ಆಗ ಅದು ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್, ಅಂದರೆ ಕಾನೂನಿನ ದೃಷ್ಟಿಯಿಂದಲೂ ದಾಖಲಿಸಬೇಕಾದ ವೈದ್ಯಕೀಯ ಪ್ರಕರಣ) ಎಂದು ದಾಖಲಾಗುತ್ತದೆ. ನೋವಿರುವ ಪ್ರತಿಯೊಂದು ಜಾಗವನ್ನೂ ಹೇಳಿ. ಮುರಿದ ಕಾಲಿನ ಗಾಬರಿಯಲ್ಲಿ ಭುಜದ ನೋವನ್ನು ಹೇಳದೆ ಬಿಟ್ಟು, ತಿಂಗಳ ನಂತರ ಎಕ್ಸ್‌ರೇ ತೆಗೆಸಿದರೆ, ಗಾಯದ ಪ್ರಮಾಣಪತ್ರದಲ್ಲಿ ಇಲ್ಲದ ಆ ಪೆಟ್ಟು ಇದೇ ಅಪಘಾತದ್ದೆಂದು ಸಾಬೀತುಪಡಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ಹೆಚ್ಚಿನವರು ಎಡವುವುದು ಡಿಸ್ಚಾರ್ಜ್ ಆದ ಮೇಲೆ. ಡಿಸ್ಚಾರ್ಜ್ ಸಾರಾಂಶದ ಕೊನೆಯಲ್ಲಿ ಎಷ್ಟು ವಾರ ಕಾಲೂರಬಾರದು, ಯಾವಾಗ ಮತ್ತೆ ತೋರಿಸಬೇಕು, ಫಿಸಿಯೋಥೆರಪಿ ಎಷ್ಟು ದಿನ ಎಂಬುದೆಲ್ಲ ಬರೆದಿರುತ್ತದೆ. ಅದನ್ನು ಮನೆಯವರೊಬ್ಬರಿಂದ ಓದಿಸಿ, ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ನೋವು ಕಡಿಮೆಯಾಯಿತೆಂದು ಮೂರು ತಿಂಗಳು ಆಸ್ಪತ್ರೆಯ ಕಡೆ ಸುಳಿಯದೆ, ಆಮೇಲೆ ಮೂಳೆ ಸೊಟ್ಟಗೆ ಕೂಡಿದೆಯೆಂದು ಹೇಳಿದರೆ, ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದೇ ಆ ಮೂರು ತಿಂಗಳನ್ನು. ಪ್ರತಿ ಭೇಟಿಯಲ್ಲೂ ಒ.ಪಿ.ಡಿ. ಚೀಟಿಯನ್ನು ದಿನಾಂಕ ಸಹಿತ ಬರೆಸಿಕೊಳ್ಳಿ, ಔಷಧಿಯ ಬಿಲ್ಲನ್ನು ವೈದ್ಯರ ಚೀಟಿಯ ಜೊತೆಗೇ ಇಡಿ, ಆಟೋ ಅಥವಾ ಆಂಬುಲೆನ್ಸಿನ ರಸೀದಿಯನ್ನೂ ಬಿಡಬೇಡಿ. ಅಕ್ಷರ ಬೇಗ ಮಾಸುವ ಬಿಲ್ಲುಗಳಿಗೆ ಅಂದೇ ಜೆರಾಕ್ಸ್ ಮಾಡಿಸಿ.

ನಮ್ಮ ಕಡೆ ನಾಟಿ ವೈದ್ಯರ ಕಟ್ಟಿನ ಮೇಲೆ ಹಲವರಿಗೆ ನಂಬಿಕೆಯಿದೆ. ಆ ನಂಬಿಕೆಯನ್ನು ಹಗುರವಾಗಿ ಕಾಣಲಾರೆ. ಆದರೂ ಪ್ಲೇಟು ಹಾಕಿದ ಕಾಲಿಗೆ ನಡುವೆ ಬೇರೊಂದು ಕಟ್ಟು ಹಾಕಿಸಿದರೆ ಕಾಲಿಗೂ ಅಪಾಯ, ಮುಂದೆ ಆದ ತೊಂದರೆ ಅಪಘಾತದಿಂದಲೋ ಕಟ್ಟಿನಿಂದಲೋ ಎಂಬ ಪ್ರಶ್ನೆಗೂ ದಾರಿಯಾಗುತ್ತದೆ. ವೈದ್ಯರ ಸಲಹೆ ಒಪ್ಪಿಗೆಯಾಗದಿದ್ದರೆ ಮತ್ತೊಬ್ಬ ಮೂಳೆ ತಜ್ಞರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ಹಣವೇ ಅಡ್ಡಿಯಾಗಿದ್ದರೆ ಚಿಕಿತ್ಸೆ ನಿಲ್ಲಿಸದೆ, ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೋ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೋ ಹಳೆಯ ಕಾಗದಗಳನ್ನು ತೋರಿಸಿ ಮುಂದುವರಿಸಿ.

ಕೆಲಸಕ್ಕೆ ಮರಳುವ ದಿನವನ್ನೂ ವೈದ್ಯರೇ ಹೇಳಲಿ. ಸಂಬಳದವರು ರಜೆಯ ಪತ್ರವನ್ನೂ ಸಂಬಳ ಕಡಿತದ ದಾಖಲೆಯನ್ನೂ ಕಚೇರಿಯಿಂದ ಪಡೆದಿಡಬೇಕು. ಇಲ್ಲದ ನೋವನ್ನು ಹೇಳುವುದು ಬೇಡ, ಇರುವುದನ್ನು ಸಂಕೋಚದಿಂದ ಮುಚ್ಚಿಡುವುದೂ ಬೇಡ.

ಶಾಶ್ವತ ಅಂಗವೈಕಲ್ಯದ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂದಿಗೂ ಆಧಾರವಾಗಿದೆ. ಕಾಲಿನ ಊನ ಶೇಕಡಾ ಇಷ್ಟು ಎಂದಷ್ಟೇ ನೋಡದೆ, ಅದರಿಂದ ಆ ವ್ಯಕ್ತಿಯ ದುಡಿಮೆಯ ಶಕ್ತಿ ಎಷ್ಟು ಕುಗ್ಗಿತು ಎಂಬುದನ್ನು ನ್ಯಾಯಮಂಡಳಿ ಅಳೆಯಬೇಕು ಎಂದು ಅದು ಹೇಳಿದೆ. ಚಿಕಿತ್ಸೆ ಕೊಡದೆಯೇ ಪ್ರಮಾಣಪತ್ರ ಬರೆದುಕೊಡುವ ವೈದ್ಯರ ಬಗ್ಗೆ ಎಚ್ಚರಿಕೆಯನ್ನೂ ನೀಡಿದೆ. ಆದ್ದರಿಂದ ಮೊದಲಿನಿಂದ ನೋಡಿದ ವೈದ್ಯರ ಬಳಿಯೇ ಮುಂದುವರಿಯುವುದು ಮೇಲು. ನೀವು ಗಾರೆ ಕೆಲಸದವರೋ ಚಾಲಕರೋ ಎಂಬುದನ್ನು, ಈಗ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನು ಅವರಿಗೆ ಮುಂಚೆಯೇ ತಿಳಿಸಿ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಚಿಕಿತ್ಸೆ ಮುಗಿಯಲೆಂದು ಅರ್ಜಿಯನ್ನು ತಡೆಹಿಡಿಯಬೇಡಿ. ಅನಂತರದ ದಾಖಲೆಗಳನ್ನು ವಿಚಾರಣೆಯ ವೇಳೆ ಹಾಜರುಪಡಿಸಬಹುದು. ಲೋಕ ಅದಾಲತ್ತಿನಲ್ಲಿ ರಾಜಿಗೆ ಸಹಿ ಹಾಕುವ ಮುನ್ನ ಮಾತ್ರ, ರಾಡು ತೆಗೆಸಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೇ, ಅದಕ್ಕೆ ಎಷ್ಟು ಖರ್ಚಾಗಬಹುದು ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.